‘ಯಾವಾಗ ಆಡ್ತಿ ಅಣ್ಣಾ?’: ಒಂದು ಕಾಲುಮುರಿತ, ಹತ್ತು ತಿಂಗಳು ಮತ್ತು ಕಲಬುರಗಿಯ ಅಭಿಮಾನಿಗಳು

ಕಲಬುರಗಿಯ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನ ಕಾಲು ಮುರಿದ ಸಂಜೆಯಿಂದ ಅವನು ಮತ್ತೆ ಅಂಗಳಕ್ಕೆ ಇಳಿದ ದಿನದವರೆಗಿನ ಹತ್ತು ತಿಂಗಳ ಪ್ರಕರಣವಿದು. ಚಿಕಿತ್ಸೆಯ ವಿವರವನ್ನು ಅಗತ್ಯವಿರುವಷ್ಟೇ ಕೊಟ್ಟಿದ್ದೇನೆ. ನಾನು ದಾಖಲಿಸಬೇಕೆಂದಿರುವುದು ಅವನ ಅಭಿಮಾನಿಗಳು ಏನು ಮಾಡಿದರು, ಅದರಿಂದ ಅವನಿಗೆ ಏನಾಯಿತು, ಅವರೊಡನೆ ನಡೆದುಕೊಳ್ಳುವಾಗ ತಂಡದವರಾದ ನಾವು ಎಲ್ಲಿ ತಪ್ಪಿದೆವು ಎಂಬುದನ್ನು. ಆಗ ನಾನು ಆ ತಂಡದ ಸಹಾಯಕ ತರಬೇತುದಾರನಾಗಿದ್ದೆ. ಆಟಗಾರನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ತಂಡ, ಆಸ್ಪತ್ರೆ, ಓಣಿ ಯಾವುದನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಆಟಗಾರನಿಗೆ ಆಗ 22 ವರ್ಷ. ಸೇಡಂ ಕಡೆಯ ಹಳ್ಳಿಯವನು. ತಂದೆ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವವರು. ಪದವಿ ಓದಲು ನಗರಕ್ಕೆ ಬಂದವನು ಎತ್ತರದ ಕಾರಣಕ್ಕೆ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಬಂದ, ಎರಡೇ ವರ್ಷದಲ್ಲಿ ಬೀದರ್, ಯಾದಗಿರಿ, ರಾಯಚೂರಿನ ತಂಡಗಳು ಅವನ ಹೆಸರು ಹಿಡಿದು ಯೋಜನೆ ಹಾಕುವ ಮಟ್ಟಕ್ಕೆ ಬೆಳೆದ. ನಮ್ಮ ಭಾಗದಲ್ಲಿ ಕ್ರಿಕೆಟ್ ಮತ್ತು ಕಬಡ್ಡಿಗೆ ಸೇರುವಷ್ಟು ಜನ ಬಾಸ್ಕೆಟ್‌ಬಾಲ್‌ಗೆ ಸೇರುವುದಿಲ್ಲ. ಆದರೆ ಇವನು ಆಡುವ ಸಂಜೆ ಅಂಗಳದ ಸುತ್ತಲಿನ ಕಟ್ಟೆ ತುಂಬುತ್ತಿತ್ತು. ಶಾಲೆ ಬಿಟ್ಟು ಸೈಕಲ್ ಮೇಲೆ ಬರುವ ಹುಡುಗರಿಗೆ ಅವನು ‘ಅಣ್ಣ’. ಅವರ ಪಾಲಿಗೆ ಟಿವಿಯಲ್ಲಿ ಕಾಣುವ ಆಟಗಾರರು ಬೇರೆ ಲೋಕದವರು. ಇವನು ಪಂದ್ಯ ಮುಗಿದ ಮೇಲೆ ಅವರ ಜೊತೆಯೇ ಗಾಡಿಯ ಮುಂದೆ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದ. ಈ ಹತ್ತಿರವನ್ನು ಗಮನದಲ್ಲಿ ಇಟ್ಟುಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ.

ಕ್ರೀಡಾ ಕೋಟಾದಡಿ ನೌಕರಿ ಸಿಗುವ ಆಸೆ ಅವನಿಗಿತ್ತು. ಬರುವ ಬೇಸಿಗೆಯಲ್ಲಿ ಆಯ್ಕೆ ಶಿಬಿರಕ್ಕೆ ಹೋಗುವುದಿತ್ತು.

ಆ ಸಂಜೆ

ನವೆಂಬರ್ ಕೊನೆಯ ವಾರ, ದೀಪದ ಬೆಳಕಿನಲ್ಲಿ ನಡೆದ ಪಂದ್ಯದ ಮೂರನೆಯ ಕ್ವಾರ್ಟರ್. ಲೇಅಪ್‌ಗೆ, ಅಂದರೆ ಬುಟ್ಟಿಯ ಹತ್ತಿರಕ್ಕೆ ಓಡಿ ಚೆಂಡು ಹಾಕಲು, ಹಾರಿದವನು ಇಳಿಯುವಾಗ ತಡೆಯಲು ಬಂದ ಬೀದರ್ ತಂಡದ ಹುಡುಗನ ಭುಜ ತಾಗಿ ವಾಲಿದ, ಎಡಗಾಲು ಬುಟ್ಟಿಯ ಕಬ್ಬಿಣದ ಕಂಬಕ್ಕೆ ಬಡಿಯಿತು. ಮೊಣಕಾಲಿನ ಕೆಳಗಿನ ಎರಡೂ ಎಲುಬುಗಳು, ಟಿಬಿಯಾ ಮತ್ತು ಫಿಬುಲಾ, ಮುರಿದಿದ್ದವು. ಚರ್ಮ ಹರಿದಿರಲಿಲ್ಲ, ಅದೊಂದೇ ಸಮಾಧಾನ.

ಆ ಕಂಬದ ಬಗ್ಗೆ ಇಲ್ಲಿಯೇ ಹೇಳಬೇಕು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದ ಪ್ರಕಾರ ಬುಟ್ಟಿಯನ್ನು ಹೊರುವ ರಚನೆ ಅಂಗಳದ ಕೊನೆಗೆರೆಯಿಂದ ಕನಿಷ್ಠ 2 ಮೀಟರ್ ಹಿಂದೆ ಇರಬೇಕು, ನೆಲದಿಂದ 2.15 ಮೀಟರ್ ಎತ್ತರದವರೆಗೆ ಅದಕ್ಕೆ ಮೆತ್ತನೆಯ ಹೊದಿಕೆ ಇರಬೇಕು. ನಮ್ಮ ಅಂಗಳದ ಕಂಬ ಗೆರೆಯ ಪಕ್ಕದಲ್ಲೇ ಇತ್ತು, ಹೊದಿಕೆ ಇರಲಿಲ್ಲ. ಹತ್ತು ವರ್ಷದಿಂದ ಹಾಗೆಯೇ ಆಡಿಸಿದ್ದೆವು.

ಬಿದ್ದ ಮರುಕ್ಷಣ ಸುಮಾರು ಅರವತ್ತು ಜನ ಅಂಗಳಕ್ಕೆ ನುಗ್ಗಿದರು. ಇಬ್ಬರು ಕಾಲು ಹಿಡಿದು ಎಳೆದು ನೆಟ್ಟಗೆ ಮಾಡಲು ಹೋದರು. ಒಬ್ಬ ತಲೆಗೆ ನೀರು ಸುರಿದ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು, ಆದರೆ ಮುರಿದ ಎಲುಬಿನ ಚೂಪಾದ ತುದಿ ಒಳಗಿನ ರಕ್ತನಾಳವನ್ನೋ ನರವನ್ನೋ ಕೊಯ್ದುಬಿಡುವುದು ಇಂಥ ಎಳೆತದಿಂದಲೇ. ನಮ್ಮ ಹಿರಿಯ ತರಬೇತುದಾರರು ಕಾಲಿನ ಬಳಿ ಮಂಡಿಯೂರಿ ಕೂತು ಯಾರೂ ಮುಟ್ಟದಂತೆ ಎರಡೂ ಕೈ ಅಡ್ಡ ಹಿಡಿದರು. ಪಕ್ಕದ ಮೈದಾನದಿಂದ ಎರಡು ಕ್ರಿಕೆಟ್ ಬ್ಯಾಟ್ ತರಿಸಿ, ಟವೆಲ್ ಸುತ್ತಿ, ಕಾಲು ಹೇಗಿತ್ತೋ ಹಾಗೆಯೇ ಎರಡೂ ಬದಿಗೆ ಇಟ್ಟು ಕಟ್ಟಿದೆವು. ಶೂ ಕೀಳಲಿಲ್ಲ, ದಾರವನ್ನಷ್ಟೇ ಸಡಿಲಿಸಿದೆವು. ಬೆರಳು ಅಲುಗಾಡಿಸಲು ಹೇಳಿದಾಗ ಅವನು ಅಲುಗಾಡಿಸಿದ. 108 ಬರುವವರೆಗೆ ಅವನು ಕೇಳಿದ್ದು ಒಂದೇ ಮಾತು: “ಸರ, ಅವ್ವಗ ಯಾರೂ ಹೇಳಬ್ಯಾಡ್ರಿ, ನಾನ ಹೇಳ್ತೀನಿ.”

ಅಷ್ಟರಲ್ಲಿ ಅವ್ವನಿಗೆ ಗೊತ್ತಾಗಿತ್ತು. ಹದಿನಾರು ವರ್ಷದ ಒಬ್ಬ ಹುಡುಗ ಪಂದ್ಯವನ್ನು ಫೋನಿನಲ್ಲಿ ಚಿತ್ರಿಸುತ್ತಿದ್ದ. ಕಾಲು ಮಡಿಚಿದ ಹನ್ನೊಂದು ಸೆಕೆಂಡಿನ ತುಣುಕನ್ನು ಅವನು ‘ಅಣ್ಣನಿಗಾಗಿ ಬೇಡಿಕೊಳ್ಳಿ’ ಎಂದು ಬರೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಅದು ಹಳ್ಳಿ ಮುಟ್ಟಿತು. ಪಕ್ಕದ ಮನೆಯಾಕೆ “ಇದು ನಿನ್ನ ಮಗ ಹೌದಲ್ಲೋ ನೋಡು” ಎಂದು ಫೋನ್ ಹಿಡಿದಾಗ ತಾಯಿ ರೊಟ್ಟಿ ಬಡಿಯುತ್ತಿದ್ದರು. ಆಕೆ ಅದನ್ನು ನಂತರ ನನಗೆ ಹೇಳಿದ್ದು ಹೀಗೆ: “ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ ವಾಸನಿ ಬಂತು, ಆದರೂ ತಿರುವಿ ಹಾಕಬೇಕಂತ ತಿಳೀಲಿಲ್ಲ ನೋಡ್ರಿ.”

ಸಮಸ್ಯೆ

ಮರುದಿನ ಶಸ್ತ್ರಚಿಕಿತ್ಸೆ ಆಯಿತು. ಟಿಬಿಯಾದ ಟೊಳ್ಳಿನೊಳಗೆ ಮೊಣಕಾಲಿನ ಕಡೆಯಿಂದ ಲೋಹದ ರಾಡ್ ಇಳಿಸಿ, ಮೇಲೆ ಕೆಳಗೆ ಸ್ಕ್ರೂ ಹಾಕಿ ಭದ್ರಪಡಿಸಿದರು. ವೈದ್ಯಕೀಯವಾಗಿ ಎಲ್ಲವೂ ಸರಿಯಾಗಿತ್ತು. ಕಷ್ಟ ಬಂದದ್ದು ವಾರ್ಡಿನ ಬಾಗಿಲಿನಿಂದ.

ಮೊದಲನೆಯದು ಭೇಟಿ. ಒಂದೇ ಸಂಜೆ ನಲವತ್ತಕ್ಕೂ ಹೆಚ್ಚು ಜನ ಬಂದರು. ಒಬ್ಬರು ಅಪ್ಪನ ಗುಡಿಯ, ಅಂದರೆ ಶರಣಬಸವೇಶ್ವರ ದೇವಸ್ಥಾನದ, ಪ್ರಸಾದ ತಂದರು, ಇನ್ನೊಬ್ಬರು ಖಾಜಾ ಬಂದೇ ನವಾಜ್ ದರ್ಗಾದಲ್ಲಿ ಚಾದರ ಹೊದಿಸಿ ಬಂದು ಅವನ ತೋಳಿಗೆ ದಾರ ಕಟ್ಟಿದರು. ಆ ದಾರವನ್ನು ಅವನು ತಿಂಗಳುಗಟ್ಟಲೆ ಬಿಚ್ಚಲಿಲ್ಲ, ನಾನೂ ಬಿಚ್ಚು ಎನ್ನಲಿಲ್ಲ. ಕೆಲವು ಹಿರಿಯರು ಮಾತ್ರ ರಾಡ್ ತೆಗೆಸಿ ನಾಟಿ ಪಟ್ಟಿ ಕಟ್ಟಿಸಿದರೆ ಇಪ್ಪತ್ತೊಂದು ದಿನಕ್ಕೆ ಎದ್ದು ಓಡುತ್ತಾನೆಂದು ತಂದೆಯ ಮೇಲೆ ಒತ್ತಡ ಹಾಕಿದರು. ತಂದೆ ತಮ್ಮ ಕಸುಬಿನ ಮಾತಿನಲ್ಲೇ ಉತ್ತರ ಕೊಟ್ಟರು: “ಕಲ್ಲು ಸೀಳಿದರ ಮತ್ತ ಕೂಡಂಗಿಲ್ಲ. ಎಲುಬು ಕೂಡ್ತದಂತ ಡಾಕ್ಟರು ಹೇಳ್ಯಾರ. ಕೂಡೋತನಕ ಸುಮ್ಮ ಬಿಡ್ರಿ.”

ಎರಡನೆಯದು ಸಿಟ್ಟು. ಬೀದರ್ ಹುಡುಗನೇ ಬೇಕೆಂದು ಕೆಡವಿದ ಎಂಬ ಮಾತು ಹಬ್ಬಿತು. ಅವನ ನಂಬರ್ ಯಾರಿಗೋ ಸಿಕ್ಕು, ಮೂರು ದಿನ ಅವನಿಗೆ ಬೈಗುಳದ ಕರೆಗಳು ಬಂದವು. ಪಂದ್ಯವನ್ನು ಹತ್ತಿರದಿಂದ ನೋಡಿದ ನಮಗೆಲ್ಲ ಅದು ಆಟದಲ್ಲಿ ಸಹಜವಾಗಿ ಆಗುವ ತಾಗುವಿಕೆ ಎಂದು ಗೊತ್ತಿತ್ತು. ತಪ್ಪು ಇದ್ದರೆ ಅದು ಕಂಬವನ್ನು ಹಾಗೆ ಬಿಟ್ಟ ನಮ್ಮದು. ಆದರೆ ಅದನ್ನು ನಾವು ಜೋರಾಗಿ ಹೇಳಲಿಲ್ಲ. ಈ ಮೌನ ನಮ್ಮ ಮೊದಲ ತಪ್ಪು ನಿರ್ಧಾರ.

ಮೂರನೆಯದು ಎಲ್ಲಕ್ಕಿಂತ ಆಳಕ್ಕೆ ಇಳಿಯಿತು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಯಾವಾಗ ಆಡ್ತಿ ಅಣ್ಣಾ?” ವೈದ್ಯರು ನಾಲ್ಕರಿಂದ ಆರು ತಿಂಗಳಲ್ಲಿ ಎಲುಬು ಕೂಡಬಹುದು ಎಂದಿದ್ದರು. ನಾನು ಅದನ್ನು ಹೊರಗೆ ಬಂದು ಹಾಗೆಯೇ ಹೇಳಿದೆ. ಕೇಳಿದವರ ಕಿವಿಯಲ್ಲಿ ‘ಎಲುಬು ಕೂಡುವುದು’ ‘ಆಡುವುದು’ ಆಯಿತು, ‘ನಾಲ್ಕರಿಂದ ಆರು’ ‘ನಾಲ್ಕು’ ಆಯಿತು. ನವೆಂಬರಿನಿಂದ ನಾಲ್ಕು ತಿಂಗಳು ಎಣಿಸಿದರೆ ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರ ಜಾತ್ರೆ. ಆಗೊಂದು ಪ್ರದರ್ಶನ ಪಂದ್ಯ ನಡೆಸುವ ಮಾತು ಮೊದಲೇ ಇತ್ತು. ಹೀಗೆ, ಯಾರೂ ಕೊಡದ ಒಂದು ದಿನಾಂಕ ತಾನಾಗಿ ನಿಂತುಬಿಟ್ಟಿತು. ಜನವರಿಯಲ್ಲಿ ಅವನ ಚಿತ್ರವಿರುವ ಬ್ಯಾನರ್ ಛಾಪಿಸಿದರು. ಅದನ್ನು ತೋರಿಸಲು ಮನೆಗೆ ಬಂದ ಹುಡುಗರ ಮುಖ ನೋಡಿ ಅವನು “ಜಾತ್ರಿಗಿ ಆಡ್ತೀನಿ” ಎಂದುಬಿಟ್ಟ. ನಾನು ಅಲ್ಲೇ ಇದ್ದೆ. ತಿದ್ದಬೇಕಿತ್ತು, ತಿದ್ದಲಿಲ್ಲ, ಎರಡು ತಿಂಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲಾಗಿತ್ತು.

ಮಾಳಿಗೆಯ ಮೇಲೆ

ಫೆಬ್ರವರಿ ಕೊನೆಯಲ್ಲಿ, ಶಸ್ತ್ರಚಿಕಿತ್ಸೆಯಾಗಿ ಹದಿಮೂರನೆಯ ವಾರ, ಅವನು ಬಾಡಿಗೆ ಕೋಣೆಯ ಮಾಳಿಗೆಯ ಮೇಲೆ ರಾತ್ರಿ ಹೊತ್ತು ಒಬ್ಬನೇ ಜಿಗಿಯುವುದನ್ನು ಶುರುಮಾಡಿದ್ದ. ಫಿಸಿಯೋಥೆರಪಿಸ್ಟ್ ಆಗಿನ್ನೂ ಒಂದು ಊರುಗೋಲು ಹಿಡಿದು ನಡೆಯಲು ಹೇಳಿದ್ದರು. ನಾಲ್ಕನೆಯ ರಾತ್ರಿ ಮುರಿದ ಜಾಗದಲ್ಲಿ ನೋವು ಹತ್ತಿತು. ಎಕ್ಸ್‌-ರೇಯಲ್ಲಿ ಕೆಳಗಿನ ಒಂದು ಸ್ಕ್ರೂ ತುಸು ಬಾಗಿತ್ತು. ರಾಡ್ ಸರಿಯಾಗಿತ್ತು.

ವೈದ್ಯರು ಬೈಯಲಿಲ್ಲ. ಎರಡು ಚಿತ್ರಗಳನ್ನು ಬೆಳಕಿಗೆ ಹಿಡಿದು ಅವನಿಗೂ ನನಗೂ ತೋರಿಸಿದರು. ಎದುರಿನಿಂದ ತೆಗೆದ ಚಿತ್ರದಲ್ಲಿ ಎಲುಬಿನ ಎರಡು ಅಂಚು, ಪಕ್ಕದಿಂದ ತೆಗೆದದ್ದರಲ್ಲಿ ಎರಡು, ಒಟ್ಟು ನಾಲ್ಕು. ಈ ನಾಲ್ಕರಲ್ಲಿ ಕನಿಷ್ಠ ಮೂರು ಕಡೆ ಹೊಸ ಎಲುಬು ಸೇತುವೆಯಂತೆ ಬೆಸೆದು ಕಂಡರೆ ಕೂಡಿದೆ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅವನದು ಒಂದು ಕಡೆ ಸ್ಪಷ್ಟವಾಗಿ, ಇನ್ನೊಂದು ಕಡೆ ಮಸುಕಾಗಿ ಬೆಸೆದಿತ್ತು. ನಂತರ ಟೇಪ್ ತೆಗೆದು ಎರಡೂ ತೊಡೆ ಅಳೆದರು: ಎಡತೊಡೆ 4 ಸೆಂಟಿಮೀಟರ್ ಸಣ್ಣದಾಗಿತ್ತು. ಎಲುಬು ಇಂದೇ ಕೂಡಿದರೂ ಈ ಸ್ನಾಯು ಹೊತ್ತುಕೊಳ್ಳಲಾರದು ಎಂದರು.

ಹೊರಗೆ ಬಂದ ಮೇಲೆ ಅವನು ಮೊದಲ ಬಾರಿ ಬಾಯಿಬಿಟ್ಟು ಹೇಳಿದ: “ಸರ, ನೋವಿಗಿ ಹೆದರಿಕಿ ಇಲ್ರಿ. ಆ ಹುಡುಗರು ಕೇಳ್ತಾರಲ್ಲ, ಅದಕ್ಕ ಹೆದರಿಕಿ.” ಈ ಪ್ರಕರಣದ ನಿಜವಾದ ತಿರುವು ಈ ಮಾತು. ಅಲ್ಲಿಯವರೆಗೆ ಅಭಿಮಾನಿಗಳನ್ನು ದೂರ ಇಡುವುದು ಹೇಗೆಂದು ನಾವು ಯೋಚಿಸುತ್ತಿದ್ದೆವು. ದೂರ ಇಟ್ಟಷ್ಟೂ ಅವರ ಬಳಿ ಉಳಿಯುತ್ತಿದ್ದುದು ಆ ಪ್ರಶ್ನೆಯೊಂದೇ. ಅವರನ್ನು ಒಳಗೆ ಕರೆದು ಬೇರೆ ಕೆಲಸ ಕೊಡುವುದು ಸರಿ ಎಂದು ಅಂದು ಸಂಜೆ ನಿರ್ಧರಿಸಿದೆವು.

ಏನು ಮಾಡಿದೆವು

ಮೊದಲು ಆ ಹದಿನಾರರ ಹುಡುಗನನ್ನು ಕರೆಸಿದೆವು. ವಿಡಿಯೋ ವಿಷಯ ಗೊತ್ತಾದ ಮೇಲೆ ಅವನು ಅಂಗಳಕ್ಕೆ ಬರುವುದನ್ನೇ ಬಿಟ್ಟಿದ್ದ. ತಾಯಿ ಅದನ್ನು ಹೇಗೆ ನೋಡಿದರು ಎಂದು ಆಟಗಾರನೇ ಅವನಿಗೆ ಶಾಂತವಾಗಿ ಹೇಳಿದ. ಹುಡುಗ ಅತ್ತ. ಅತ್ತು ಮುಗಿದ ಮೇಲೆ ಅವನಿಗೆ ಎರಡು ಕೆಲಸ ಒಪ್ಪಿಸಿದೆವು: ಗೊತ್ತಿರುವ ಪ್ರತಿ ಗುಂಪಿನವರಿಗೂ ಕರೆ ಮಾಡಿ ಆ ತುಣುಕನ್ನು ಅಳಿಸಲು ಕೇಳುವುದು, ಪ್ರತಿ ಭಾನುವಾರ ನಾವು ಹೇಳಿದ ನಾಲ್ಕು ಸಾಲು ಸುದ್ದಿಯನ್ನು ತನ್ನ ಮಾತಿನಲ್ಲಿ ಬರೆದು ಹಾಕುವುದು. ಆ ಸುದ್ದಿಯಲ್ಲಿ ದಿನಾಂಕ ಇರಬಾರದು, ಆ ವಾರ ಕಾಲಿಗೆ ಏನು ಸಾಧ್ಯವಾಯಿತು ಎಂಬುದಷ್ಟೇ ಇರಬೇಕು. ಅವನಿಗೆ ಇದನ್ನು ವಹಿಸಿದ್ದು ಸರಿಯೇ ಎಂದು ನಮ್ಮಲ್ಲೇ ಭಿನ್ನಾಭಿಪ್ರಾಯವಿತ್ತು. ನನ್ನ ಮಟ್ಟಿಗೆ ಇಡೀ ಹತ್ತು ತಿಂಗಳಲ್ಲಿ ನಾವು ಮಾಡಿದ ಅತ್ಯುತ್ತಮ ಕೆಲಸ ಅದೇ.

ಬೀದರ್ ಹುಡುಗನ ವಿಷಯದಲ್ಲಿ ತಡವಾಗಿತ್ತು, ಆದರೂ ಮಾಡಿದೆವು. ಆಟಗಾರ ತನ್ನ ಧ್ವನಿಯಲ್ಲೇ “ಅವಂದು ಏನೂ ತಪ್ಪಿಲ್ಲ, ಅವನಿಗಿ ಬೈದರ ನನಗ ಬೈದಂಗ” ಎಂದು ಹೇಳಿ ಕಳಿಸಿದ. ಕರೆಗಳು ನಿಂತವು. ವಾರದ ನಂತರ ಆ ಹುಡುಗ ತನ್ನ ಕಾಕಾನ ಜೊತೆ ಬಂದು, ಬಹಳ ಹೊತ್ತು ಏನೂ ಮಾತಾಡದೆ ಮಂಚದ ಪಕ್ಕ ಕೂತು ಹೋದ. ಮೂರು ತಿಂಗಳ ಹಿಂದೆಯೇ ಈ ಮಾತು ಹೊರಬಿದ್ದಿದ್ದರೆ ಅವನು ಅಷ್ಟು ದಿನ ನಿದ್ದೆಗೆಡಬೇಕಿರಲಿಲ್ಲ.

ಬಳಿಕ ಅಭಿಮಾನಿಗಳಲ್ಲಿ ಮುಂದಾಳುಗಳಂತಿದ್ದ ಐದು ಜನರನ್ನು ಕೂಡಿಸಿ ದೂರದ ಎರಡು ಉದಾಹರಣೆ ಮುಂದಿಟ್ಟೆ, ಇಬ್ಬರೂ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರು. ಬೀಳುವ ದೃಶ್ಯ ತೋರಿಸಲಿಲ್ಲ, ಮರಳಿದ ದಿನದ್ದನ್ನು ಮಾತ್ರ ತೋರಿಸಿದೆ. ಪಾಲ್ ಜಾರ್ಜ್ 2014ರ ಆಗಸ್ಟ್ 1ರಂದು ಲಾಸ್ ವೇಗಸ್‌ನಲ್ಲಿ ಅಮೆರಿಕ ತಂಡದ ಅಭ್ಯಾಸ ಪಂದ್ಯದಲ್ಲಿ, ಜೇಮ್ಸ್ ಹಾರ್ಡನ್‌ನನ್ನು ತಡೆಯಲು ಹಾರಿ ಇಳಿಯುವಾಗ, ಬುಟ್ಟಿಯ ಕಂಬದ ಬುಡಕ್ಕೇ ಕಾಲು ಬಡಿದು ಇದೇ ಎರಡು ಎಲುಬು ಮುರಿದುಕೊಂಡವನು. ಜಗತ್ತಿನ ಅತ್ಯುತ್ತಮ ಚಿಕಿತ್ಸೆ ಕೈಯಳತೆಯಲ್ಲಿದ್ದರೂ ಅವನು ಮರಳಿದ್ದು 2015ರ ಏಪ್ರಿಲ್ 5ರಂದು, ಎಂಟು ತಿಂಗಳ ಮೇಲೆ. ಅದೂ ಬೆಂಚಿನಿಂದ ಎದ್ದು ಬಂದು ಸುಮಾರು 15 ನಿಮಿಷ ಆಡಿ 13 ಅಂಕ ಗಳಿಸಿದ. ಆ ಋತುವಿನಲ್ಲಿ ಅವನು ಆಡಿದ್ದು ಒಟ್ಟು ಆರೇ ಪಂದ್ಯ. ಮುಂದಿನ ಋತುವಿನಲ್ಲಿ 81. ಗಾರ್ಡನ್ ಹೇವರ್ಡ್ 2017ರ ಅಕ್ಟೋಬರ್ 17ರಂದು, ಬಾಸ್ಟನ್ ತಂಡದ ಪರ ತನ್ನ ಮೊದಲ ಪಂದ್ಯದ ಮೊದಲ ನಿಮಿಷಗಳಲ್ಲೇ ಬಿದ್ದು ಕಣಕಾಲು ಮುರಿದುಕೊಂಡ, ಪಾದದ ಕೀಲೂ ತಪ್ಪಿತು. ಅವನನ್ನು ಸ್ಟ್ರೆಚರ್ ಮೇಲೆ ಒಯ್ಯುವಾಗ ಎದುರಾಳಿ ಊರಾದ ಕ್ಲೀವ್‌ಲ್ಯಾಂಡ್‌ನ ಪ್ರೇಕ್ಷಕರು ಎದ್ದು ಚಪ್ಪಾಳೆ ತಟ್ಟಿದರು. ಅವನು ಪೂರಾ ಒಂದು ವರ್ಷ ಹೊರಗಿದ್ದ. ಮರಳಿದ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 11.5 ಅಂಕ, ಗಾಯಕ್ಕೆ ಮುಂಚಿನ ಋತುವಿನಲ್ಲಿ 21.9 ಇತ್ತು.

ಆ ಕೊನೆಯ ಸಂಖ್ಯೆ ಕೇಳಿ ಐವರೂ ಸುಮ್ಮನಾದರು. ಅಣ್ಣ ಮರಳಿದ ಮೇಲೂ ಮೊದಲಿನಂತೆ ಇರಲಿಕ್ಕಿಲ್ಲ ಎಂಬುದನ್ನು ಅವರ್‍ಯಾರೂ ಯೋಚಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಆಟಗಾರನೂ ಅದನ್ನು ಪರಸ್ಪರ ಹೇಳಿಕೊಂಡಿರಲಿಲ್ಲ. ಬ್ಯಾನರನ್ನು ಅವರೇ ಬಿಚ್ಚಿದರು. ಜಾತ್ರೆಯ ಪಂದ್ಯ ಅವನಿಲ್ಲದೆ ನಡೆಯಿತು, ಜನ ಕಡಿಮೆ ಸೇರಿದರು, ಕೆಲವರು ಅವನು ಅಂಜಿದ ಎಂದು ನಮ್ಮ ಎದುರಿಗೇ ಆಡಿಕೊಂಡರು. ಆ ದಿನ ಅವನು ಮನೆಯಿಂದ ಹೊರಬರಲಿಲ್ಲ.

ಲೆಕ್ಕ

ಏಪ್ರಿಲ್ ಕೊನೆಗೆ ಮೂರು ಅಂಚುಗಳು ಬೆಸೆದವು. ಇನ್ನು ಸ್ನಾಯುವಿನ ಸರದಿ. ಒಂಟಿಗಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಮುಖ್ಯ ವ್ಯಾಯಾಮ. ಬಲಗಾಲಲ್ಲಿ ಅವನು 25 ಮಾಡುತ್ತಿದ್ದ, ಎಡಗಾಲಲ್ಲಿ 6. ಮೇ ತಿಂಗಳ ಕಲಬುರಗಿಯ ಬಿಸಿಲಿಗೆ ಹೆದರಿ ಬೆಳಿಗ್ಗೆ ಆರಕ್ಕೇ ಅಂಗಳದ ಮೆಟ್ಟಿಲ ಮೇಲೆ ಇದನ್ನು ಮಾಡಿಸುತ್ತಿದ್ದೆವು. ಹುಡುಗರು ಬಂದು ಸುತ್ತ ನಿಂತು ಒಕ್ಕೊರಲಿನಿಂದ ಎಣಿಸತೊಡಗಿದರು. “ಏಳು! ಎಂಟು!” ‘ಯಾವಾಗ’ ಎಂಬುದು ‘ಎಷ್ಟು’ ಎಂದಾಯಿತು ಎಂದು ನಾವು ಸಂತೋಷಪಟ್ಟೆವು.

ಸಂತೋಷ ಹತ್ತು ದಿನ ಉಳಿಯಿತು. ಒಂದು ಬೆಳಿಗ್ಗೆ ಅವರ ಕೂಗಿಗೆ ಅವನು ಹನ್ನೆರಡರಲ್ಲಿ ನಿಲ್ಲಬೇಕಾದವನು ಹತ್ತೊಂಬತ್ತಕ್ಕೆ ಹೋದ, ಮೀನಖಂಡ ಹಿಡಿದುಕೊಂಡು ಎರಡು ದಿನ ಕುಂಟಿದ. ಕೂಗಿ ಎಣಿಸುವುದೂ ‘ಯಾವಾಗ’ ಎಂದು ಕೇಳಿದಂತೆಯೇ ಎಂದು ಆಗ ಹೊಳೆಯಿತು. ನಿಯಮ ಬದಲಾಯಿಸಿದೆವು: ಲೆಕ್ಕ ಫಿಸಿಯೋಥೆರಪಿಸ್ಟರದು ಮಾತ್ರ, ಅದೂ ಮನಸ್ಸಿನಲ್ಲಿ, ಬಂದವರು ನೋಡುವಂತಿಲ್ಲ, ಅವನ ಜೊತೆ ಮೆಟ್ಟಿಲ ಮೇಲೆ ನಿಂತು ತಾವೂ ಮಾಡಬೇಕು. ಬರುವವರು ಮೂವತ್ತರಿಂದ ಒಂಬತ್ತಕ್ಕೆ ಇಳಿದರು. ಆ ಒಂಬತ್ತು ಜನರಲ್ಲಿ ಬಹುತೇಕರು ಒಂಟಿಗಾಲಲ್ಲಿ ಹದಿನೈದು ದಾಟಲಾರದೆ ಗೋಡೆ ಹಿಡಿದರು. ಅವನಿಗೆ ಅದೆಷ್ಟು ಕಷ್ಟದ್ದು ಎಂದು ಅವರ ಕಾಲಿಗೆ ಗೊತ್ತಾದ ದಿನದಿಂದ ಪ್ರಶ್ನೆ ನಿಂತಿತು. ಅವನು ಆ ಒಂಬತ್ತು ಜನರ ಎದುರು ನೋವಾದಾಗ ನೋವು ಎಂದು ಹೇಳಲು ಕಲಿತ.

ಚಿಕಿತ್ಸೆಗೆಂದು ಅಭಿಮಾನಿಗಳು ಕೂಡಿಸಿದ ಚಂದಾದ ಲೆಕ್ಕ ಆರಂಭದಲ್ಲಿ ಗೊಂದಲದಲ್ಲಿತ್ತು. ರಸೀದಿಗಳನ್ನು ಎಲ್ಲರ ಮುಂದಿಟ್ಟ ಮೇಲೆ ಜಗಳ ಮುಗಿಯಿತು. ಉಳಿದ ಹಣದಲ್ಲಿ ಕಂಬಗಳಿಗೆ ದಪ್ಪ ಫೋಮ್ ಸುತ್ತಿ ರೆಕ್ಸಿನ್ ಹೊಲಿಸಿದರು. ಕಂಬವನ್ನು ಹಿಂದೆ ಸರಿಸಲು ಹಣ ಸಾಲಲಿಲ್ಲ. ಬದಲಿಗೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಗೆರೆಯನ್ನು ಒಳಕ್ಕೆ ಎಳೆಯಬೇಕೇ ಎಂಬ ಚರ್ಚೆ ಇನ್ನೂ ನಡೆದಿದೆ.

ಫಲಿತಾಂಶ

ಗಾಯಗೊಂಡ ಕಾಲಿನ ಜಿಗಿತ ಇನ್ನೊಂದು ಕಾಲಿನ ಜಿಗಿತದ ನೂರಕ್ಕೆ 90 ಮುಟ್ಟುವವರೆಗೆ ಪಂದ್ಯವಿಲ್ಲ ಎಂದು ಒಪ್ಪಿಕೊಂಡಿದ್ದೆವು. ಅದು ಸೆಪ್ಟೆಂಬರಿನಲ್ಲಿ ಮುಟ್ಟಿತು. ಆ ತಿಂಗಳ ಕೊನೆಗೆ ಒಂದು ಸಣ್ಣ ಪಂದ್ಯದಲ್ಲಿ, ಮುಂಚಿತವಾಗಿ ಯಾರಿಗೂ ಹೇಳದೆ, ಅವನನ್ನು ಎರಡು ಸರದಿಯಲ್ಲಿ ಒಟ್ಟು ಆರು ನಿಮಿಷ ಆಡಿಸಿದೆವು. ಅವನು ಒಮ್ಮೆಯೂ ಬುಟ್ಟಿಯ ಕೆಳಗೆ ಹಾರಲಿಲ್ಲ. ನಾಲ್ಕು ಪಾಸ್ ಕೊಟ್ಟ, ದೂರದಿಂದ ಒಂದು ಬುಟ್ಟಿ ಹಾಕಿದ. ಕಟ್ಟೆಯ ಮೇಲಿದ್ದವರು ಬಹಳ ಇರಲಿಲ್ಲ, ಇದ್ದವರು ಎದ್ದು ನಿಂತರು.

ಆ ವರ್ಷದ ಆಯ್ಕೆ ಶಿಬಿರ ಕೈತಪ್ಪಿತು, ಅದರ ನೋವು ಅವನಿಗಿದೆ. ಅವನ ಆಟವೂ ಬದಲಾಗಿದೆ. ಹಾರುವ ಬದಲು ಹಂಚುತ್ತಾನೆ. ಹಾರುವುದನ್ನು ನೋಡಲೆಂದೇ ಬರುತ್ತಿದ್ದವರು ಈಗ ಬೇರೊಬ್ಬನ ಪಂದ್ಯಕ್ಕೆ ಹೋಗುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಇಂಥ ಸಂದರ್ಭ ಎದುರಿಸುವ ಬೇರೆ ತರಬೇತುದಾರರಿಗೆ ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟು. ವೈದ್ಯರ ಮಾತನ್ನು ಹೊರಗೆ ತಲುಪಿಸುವವರು ಒಬ್ಬರೇ ಇರಬೇಕು, ಅವರು ಎಲುಬು ಕೂಡುವುದಕ್ಕೂ ಆಟಕ್ಕೆ ಮರಳುವುದಕ್ಕೂ ಇರುವ ಅಂತರವನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಎದುರಾಳಿಯ ಮೇಲೆ ಆರೋಪ ಬಂದರೆ ಅದೇ ದಿನ ಅಲ್ಲಗಳೆಯಬೇಕು. ನಮ್ಮಲ್ಲಿ ಬಾಗಿದ ಸ್ಕ್ರೂ ಬರಿ ಕಾಲಿನೊಳಗಿನ ಸಂಗತಿಯಾಗಿರಲಿಲ್ಲ, ಜನವರಿಯ ಆ ಬ್ಯಾನರಿನ ಮುಂದೆ ನಾನು ಸುಮ್ಮನಿದ್ದುದರ ಫಲವೂ ಹೌದು.

ಹನ್ನೊಂದು ಸೆಕೆಂಡಿನ ಆ ತುಣುಕು ಪೂರ್ತಿ ಅಳಿದಿಲ್ಲ. ಈಚೆಗೆ ಯಾರೋ ಅದಕ್ಕೆ ದುಃಖದ ಹಾಡು ಸೇರಿಸಿ ಮತ್ತೆ ಹರಿಬಿಟ್ಟಿದ್ದರು. ಈಗ ಪಿಯುಸಿ ಓದುತ್ತಿರುವ ಆ ಹುಡುಗ ಮತ್ತೆ ಒಬ್ಬೊಬ್ಬರಿಗೂ ಕರೆ ಮಾಡಿದ. ಆಟಗಾರನ ತಾಯಿ ಇಂದಿಗೂ ಅವನ ಒಂದು ಪಂದ್ಯವನ್ನೂ ನೋಡಿಲ್ಲ. ಆಟ ಮುಗಿದು ಬೂಟು ಬಿಚ್ಚುವ ಮೊದಲೇ ಅವನು ಆಕೆಗೆ ಫೋನ್ ಮಾಡುತ್ತಾನೆ. ಪಕ್ಕದಲ್ಲಿ ನಿಂತರೆ ಆ ಕಡೆಯ ದನಿ ಕೇಳುತ್ತದೆ: “ಕಾಲು ಹ್ಯಾಂಗದ?” ಗೆದ್ದಿರೋ ಸೋತಿರೋ ಎಂದು ಆಕೆ ಈವರೆಗೆ ಕೇಳಿದ್ದನ್ನು ನಾನು ಕೇಳಿಲ್ಲ.